ಮಿರಜದ ಖಾನಸಾಹೇಬರು

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಶಾಲೆಯ ಗುರುಗಳನ್ನು, ಊರ ಹಿರಿಯರನ್ನು ಅನೇಕರು ನೆನೆಯುತ್ತಾರೆ. ನಾನು ನಮ್ಮ ನೆರೆಯ ಮಿರಜದಲ್ಲಿ ಬಾಳಿ, ಅಲ್ಲಿಯೇ ಮಣ್ಣಾದ ಒಬ್ಬ ಗುರುವಿನ ಬಗ್ಗೆ ಬರೆಯಬೇಕೆಂದುಕೊಂಡೆ. ಐನಾಪುರದವರಿಗೆ ಮಿರಜ ಪರಸ್ಥಳವಲ್ಲ. ದವಾಖಾನೆಗೆ ಹೋಗುತ್ತೇವೆ, ಪೇಟೆಗೆ ಹೋಗುತ್ತೇವೆ, ದೂರದ ರೈಲು ಹಿಡಿಯಲು ಹೋಗುತ್ತೇವೆ. ಅದೇ ಊರಿನ ಖ್ವಾಜಾ ಮೀರಾಸಾಹೇಬರ ದರ್ಗಾದಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರ ಸಮಾಧಿ ಇದೆ. ಇಂದಿನ ಮಕ್ಕಳಿಗೆ ಈ ಸಂಗತಿ ತಿಳಿದಿರಬೇಕು.

ಖಾನಸಾಹೇಬರು ಹುಟ್ಟಿದ್ದು 1872ರಲ್ಲಿ, ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಲ್ಲಿ. ಅದನ್ನೇ ಕಿರಾಣಾ ಎಂದೂ ಕರೆಯುತ್ತಾರೆ. ಮನೆತನವೇ ಹಾಡುವವರದು, ಸಾರಂಗಿ ನುಡಿಸುವವರದು. ತಂದೆ ಕಾಲೇಖಾನ್ ಮತ್ತು ಚಿಕ್ಕಪ್ಪ ಅಬ್ದುಲ್ಲಾ ಖಾನ್ ಅವರಿಂದ ಪಾಠವಾಯಿತು. ಹರೆಯದಲ್ಲಿ ತಮ್ಮನೊಂದಿಗೆ ಊರು ಬಿಟ್ಟು ಬಡೋದೆಯ ಅರಮನೆ ಸೇರಿದರು. ಅಲ್ಲಿ ಸರದಾರ ಮನೆತನದ ತಾರಾಬಾಯಿ ಮಾನೆಯವರಿಗೂ ಅವರಿಗೂ ಒಲವು ಬೆಳೆಯಿತು. ಜಾತಿ, ಧರ್ಮ, ಅಂತಸ್ತು ಮೂರೂ ಬೇರೆ. ಆ ಕಾಲದಲ್ಲಿ ಇದು ನಡೆಯುವ ಮಾತಲ್ಲ. ಇಬ್ಬರೂ ಬಡೋದೆ ಬಿಟ್ಟು ಮುಂಬೈಗೆ, ಅಲ್ಲಿಂದ ಮಿರಜಕ್ಕೆ ಬಂದರು. ಮುಂದೆ ದೊಡ್ಡ ಗಾಯಕಿಯಾದ ಮಗಳು ಹೀರಾಬಾಯಿ ಹುಟ್ಟಿದ್ದು ಮಿರಜದಲ್ಲಿಯೇ, 1905ರಲ್ಲಿ. ಖಾನಸಾಹೇಬರಿಗೆ ಪ್ಲೇಗು ತಗುಲಿದಾಗ ದರ್ಗಾದಲ್ಲಿ ಸೇವೆ ಮಾಡಿ ಗುಣವಾದರೆಂದು ಆ ಊರಿನವರು ನಂಬುತ್ತಾರೆ. ಅಂದಿನಿಂದ ಆ ದರ್ಗಾದ ಋಣ ಅವರು ಮರೆಯಲಿಲ್ಲ.

ಮಿರಜದಿಂದ ಅವರು ಧಾರವಾಡ, ಹುಬ್ಬಳ್ಳಿ, ಮೈಸೂರು ಕಡೆಗೆ ಮೇಲಿಂದ ಮೇಲೆ ಪ್ರಯಾಣ ಮಾಡುತ್ತಿದ್ದರು. ಆ ರೈಲು ನಮ್ಮ ಶೇಡಬಾಳ, ಉಗಾರ, ಕುಡಚಿ ದಾಟಿಯೇ ಹೋಗಬೇಕು. ಮೈಸೂರು ಆಸ್ಥಾನ ಅವರಿಗೆ ಸಂಗೀತರತ್ನ ಎಂಬ ಬಿರುದು ಕೊಟ್ಟಿತು. ದಕ್ಷಿಣದ ವಿದ್ವಾಂಸರ ಸಹವಾಸದಿಂದ ಕರ್ನಾಟಕ ಸಂಗೀತವನ್ನು ಅವರು ಮನಸ್ಸಿಟ್ಟು ಕೇಳಿದರು, ಕಲಿತರು. ತಮ್ಮ ಖ್ಯಾಲ್ ಗಾಯನದಲ್ಲಿ ಸರಗಮ್ ಹಾಡುವ ಕ್ರಮಕ್ಕೆ ಅಲ್ಲಿಂದ ಬಲ ಪಡೆದರು. ಖರಹರಪ್ರಿಯ ರಾಗದ ತ್ಯಾಗರಾಜರ ಕೃತಿಯೊಂದನ್ನು ಹಾಡಿ ಗ್ರಾಮಫೋನ್ ತಟ್ಟೆಗೂ ಕೊಟ್ಟರು. ಉತ್ತರದ ಉಸ್ತಾದರೊಬ್ಬರು ಹೀಗೆ ಮಾಡಿದ್ದು ಆಗ ಅಪರೂಪ.

ಅವರ ಗಾಯನದ ರೀತಿಯನ್ನು ಸಂಗೀತ ಬಾರದವರಿಗೂ ತಿಳಿಯುವಂತೆ ಹೇಳುವುದಾದರೆ, ಅಲ್ಲಿ ಅವಸರವಿಲ್ಲ. ಒಂದೊಂದು ಸ್ವರದ ಮೇಲೂ ನಿಂತು, ಅದನ್ನು ತಂಬೂರಿಯ ನಾದದೊಳಗೆ ಪೂರ್ತಿ ಬೆರೆಸಿದ ಮೇಲೆಯೇ ಮುಂದಿನ ಸ್ವರಕ್ಕೆ ಹೋಗುತ್ತಿದ್ದರು. ತೆಳುವಾದ, ಮೃದುವಾದ ಧ್ವನಿ. ವಾದ್ಯ ಕೆಟ್ಟರೆ ತಾವೇ ಬಿಚ್ಚಿ ದುರಸ್ತಿ ಮಾಡುವಷ್ಟು ಕೈಕಸುಬೂ ಅವರಿಗಿತ್ತು. ತಂಬೂರಿ, ಸಿತಾರ ಮಾಡುವ ಕುಶಲಿಗರ ಊರಾದ ಮಿರಜ ಅವರಿಗೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಅವರು ಬರಿಯ ಗಾಯಕರಾಗಿ ಉಳಿಯಲಿಲ್ಲ. ಘರಾಣೆಯ ವಿದ್ಯೆಯನ್ನು ರಕ್ತಸಂಬಂಧಿಗಳಿಗೆ ಮಾತ್ರ ಧಾರೆಯೆರೆದು ಹೊರಗಿನವರಿಂದ ಬಚ್ಚಿಡುವ ಉಸ್ತಾದರು ಆ ಕಾಲದಲ್ಲಿ ಬಹಳ. ಖಾನಸಾಹೇಬರು ಹಾಗಲ್ಲ. ಕುಂದಗೋಳದ ರಾಮಚಂದ್ರ ಎಂಬ ಬ್ರಾಹ್ಮಣರ ಹುಡುಗನನ್ನು ಶಿಷ್ಯನನ್ನಾಗಿ ತೆಗೆದುಕೊಂಡು ವರ್ಷಗಟ್ಟಲೆ ಕಲಿಸಿದರು. ಹರೆಯಕ್ಕೆ ಬಂದಾಗ ಒಡೆದುಹೋಗಿದ್ದ ಆ ಹುಡುಗನ ಧ್ವನಿಯನ್ನು ಸಾಧನೆಯಿಂದ ತಿದ್ದಿದರು. ಅವರೇ ಮುಂದೆ ಸವಾಯಿ ಗಂಧರ್ವರೆಂದು ಹೆಸರಾದರು. 1913ರಲ್ಲಿ ಪುಣೆಯಲ್ಲಿ ಖಾನಸಾಹೇಬರು ಆರ್ಯ ಸಂಗೀತ ವಿದ್ಯಾಲಯ ತೆರೆದರು. ಬಡ ಹುಡುಗರನ್ನು ಮನೆಮಕ್ಕಳಂತೆ ಇಟ್ಟುಕೊಂಡು, ಊಟ ಹಾಕಿ, ವಿದ್ಯೆ ಕೊಟ್ಟರು. ಅದರ ಖರ್ಚಿಗೆ ಊರೂರು ತಿರುಗಿ ಜಲಸಾ ಮಾಡಿದರು.

1922ರಲ್ಲಿ ಸಂಸಾರ ಒಡೆಯಿತು. ತಾರಾಬಾಯಿಯವರು ಐವರು ಮಕ್ಕಳನ್ನು ಕರೆದುಕೊಂಡು ಬೇರೆಯಾದರು. ಮಕ್ಕಳು ತಾಯಿಯ ಮನೆತನದ ಹೆಸರಿನಿಂದ ಬೆಳೆದರು. ಹೀರಾಬಾಯಿ ಬಡೋದೇಕರ, ಸುರೇಶಬಾಬು ಮಾನೆ, ಸರಸ್ವತಿ ರಾಣೆ ಎಲ್ಲರೂ ದೊಡ್ಡ ಕಲಾವಿದರಾದರು, ಆದರೆ ತಂದೆಯ ಎದುರು ಕುಳಿತು ಕಲಿಯುವ ಭಾಗ್ಯ ಅವರಿಗೆ ಬಹುಕಾಲ ಇರಲಿಲ್ಲ. ಖಾನಸಾಹೇಬರು ಮಿರಜದಲ್ಲಿ ನೆಲೆ ನಿಂತರು. ಮಕ್ಕಳಿಲ್ಲದ ಆ ಮನೆಯ ಮೌನವನ್ನು ನಾನು ಆಗಾಗ ಊಹಿಸಿಕೊಳ್ಳುತ್ತೇನೆ. ಅವರ ಕಡೆಯ ವರ್ಷಗಳ ಠುಮರಿ ಕೇಳುವಾಗ ನನಗೆ ಅದೇ ನೆನಪಾಗುತ್ತದೆ.

1937ರ ಅಕ್ಟೋಬರ್ ತಿಂಗಳಲ್ಲಿ ಮದರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆನೋವು ಬಂತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಬಿಡಿಸಿ, ತಂಬೂರಿ ಶ್ರುತಿ ಮಾಡಿಸಿ, ದರಬಾರಿ ರಾಗದಲ್ಲಿ ದೇವರನ್ನು ಪ್ರಾರ್ಥಿಸುತ್ತ 27ರಂದು ಪ್ರಾಣ ಬಿಟ್ಟರು. ಅವರನ್ನು ಮಿರಜಕ್ಕೆ ತಂದು ದರ್ಗಾದಲ್ಲಿ ಮಣ್ಣು ಮಾಡಿದರು. ಉರುಸಿನ ದಿನಗಳಲ್ಲಿ ಅವರ ನೆನಪಿನಲ್ಲಿ ಅಲ್ಲಿ ಪ್ರತಿವರ್ಷ ಸಂಗೀತ ಸೇವೆ ನಡೆಯುತ್ತ ಬಂದಿದೆ.

ಸವಾಯಿ ಗಂಧರ್ವರು ತಾವು ಪಡೆದದ್ದನ್ನು ಗಂಗೂಬಾಯಿ ಹಾನಗಲ್ಲರಿಗೆ, ಭೀಮಸೇನ ಜೋಶಿಯವರಿಗೆ ಕೊಟ್ಟರು. ಗದುಗಿನ ಬಾಲಕ ಭೀಮಸೇನರು ಮನೆ ಬಿಟ್ಟು ಗುರುವನ್ನು ಹುಡುಕಲು ಹೊರಟದ್ದು ಖಾನಸಾಹೇಬರ ಗ್ರಾಮಫೋನ್ ತಟ್ಟೆ ಕೇಳಿದ ಮೇಲೆ. ಅವರಿಗೆ 2008ರಲ್ಲಿ ಭಾರತರತ್ನ ಘೋಷಣೆಯಾದಾಗ ಇಡೀ ಕರ್ನಾಟಕ ಹೆಮ್ಮೆಪಟ್ಟಿತು. ಕೈರಾನಾದ ಒಬ್ಬ ಮುಸಲ್ಮಾನ ಗುರು ಕುಂದಗೋಳದ ಹುಡುಗನಿಗೆ ಬಾಗಿಲು ತೆರೆಯದಿದ್ದರೆ ನಮಗೆ ಆ ಹೆಮ್ಮೆ ಎಲ್ಲಿಂದ ಬರಬೇಕಿತ್ತು?

ನಮ್ಮದು ಸರಕಾರಿ ಶಾಲೆ. ಬಂದ ಹುಡುಗನ ಮನೆತನ ಕೇಳಿ ಪಾಠ ಹೇಳುವ ಜಾಗವಲ್ಲ ಇದು. ಐವತ್ತು ವರ್ಷ ಇಲ್ಲಿ ಕಲಿಸಿದ ಗುರುಗಳನ್ನು ನೆನೆಯುವಾಗ ನೆರೆಯೂರಿನ ಈ ಗುರುವಿನ ನೆನಪು ನನಗೆ ಸಹಜವಾಗಿಯೇ ಬಂತು. ಮುಂದಿನ ಸಲ ಮಿರಜಕ್ಕೆ ಹೋದವರು ಕೆಲಸ ಮುಗಿದ ಮೇಲೆ ದರ್ಗಾಕ್ಕೂ ಹೋಗಿ ಬರಲಿ, ಜೊತೆಗೆ ಮಕ್ಕಳನ್ನೂ ಕರೆದುಕೊಂಡು ಹೋಗಲಿ.