ಡೊಮಿನಿಕ್ ಲಾರೆ: ಗಾಯವೇ ಸರದಿಯನ್ನು ನಿರ್ಧರಿಸಿದ ಬಗೆ

1998ರ ಫೆಬ್ರವರಿ 14ರಂದು ಕೊಯಮತ್ತೂರಿನಲ್ಲಿ ಸಂಭವಿಸಿದ ಸರಣಿ ಸ್ಫೋಟಗಳಲ್ಲಿ 58 ಮಂದಿ ಮಡಿದರು; ಗಾಯಗೊಂಡವರು ಇನ್ನೂರಕ್ಕೂ ಹೆಚ್ಚು. ಅಂತಹ ಹೊತ್ತಿನಲ್ಲಿ ವೈದ್ಯರಿಗೆ ಎದುರಾಗುವ ಮೊದಲ ಪ್ರಶ್ನೆ, ಯಾರನ್ನು ಮೊದಲು ನೋಡಬೇಕೆಂಬುದು. ಅದಕ್ಕೊಂದು ನಿಯಮವನ್ನು ರೂಪಿಸಿದವರು ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಲಾರೆ.

1766ರಲ್ಲಿ ಫ್ರಾನ್ಸಿನ ಪಿರನೀಸ್ ಪರ್ವತ ಸೀಮೆಯ ಹಳ್ಳಿಯೊಂದರಲ್ಲಿ ಜನಿಸಿದ ಅವರು, ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು, ತೂಲೂಸಿನಲ್ಲಿ ಶಸ್ತ್ರವೈದ್ಯರಾಗಿದ್ದ ತಂದೆಯ ಸೋದರನ ಆಶ್ರಯದಲ್ಲಿ ವಿದ್ಯೆ ಕಲಿತರು. ಅಂದು ಗಾಯಾಳುಗಳು ಕದನ ಮುಗಿಯುವವರೆಗೂ ರಣರಂಗದಲ್ಲೇ ನರಳಬೇಕಿತ್ತು. ಲಾರೆ ಕುದುರೆ ಹೂಡಿದ ಹಗುರ ಬಂಡಿಗಳನ್ನು ಕಾಳಗದ ನಡುವೆಯೇ ಕಳುಹಿಸಿ ಅವರನ್ನು ಎತ್ತಿ ತರಿಸಿದರು. ತಂದ ಮೇಲೆ ಸರದಿಯನ್ನು ನಿರ್ಧರಿಸುತ್ತಿದ್ದುದು ಗಾಯವೇ ಹೊರತು ಪದವಿಯಲ್ಲ. ಪ್ರಾಣಾಪಾಯದಲ್ಲಿದ್ದ ಸಾಮಾನ್ಯ ಸಿಪಾಯಿಗೆ ಮೊದಲ ಚಿಕಿತ್ಸೆ; ಅಲ್ಪ ಗಾಯದ ಅಧಿಕಾರಿ ಕಾಯಬೇಕು. ದರ್ಜೆಯೇ ಸರ್ವಸ್ವವಾದ ಸೇನೆಯಲ್ಲಿ ಇದು ಸಣ್ಣ ಮಾತಲ್ಲ. ಶತ್ರುಪಕ್ಷದ ಗಾಯಾಳುಗಳಿಗೂ ಅವರು ಆರೈಕೆ ಮಾಡಿದರು. 1812ರ ಬೊರೊಡಿನೊ ಕದನದಲ್ಲಿ ಒಂದು ಹಗಲು ಒಂದು ರಾತ್ರಿಯೊಳಗೆ ಸುಮಾರು 200 ಅಂಗಚ್ಛೇದನಗಳನ್ನು ನಡೆಸಿದರು. ಅರಿವಳಿಕೆ ಇನ್ನೂ ಬಂದಿರದ ಕಾಲವದು.

1815ರಲ್ಲಿ ವಾಟರ್ಲೂ ಕದನದಲ್ಲಿ ಪ್ರಷ್ಯನ್ನರ ಸೆರೆಸಿಕ್ಕಾಗ ಮರಣದಂಡನೆ ಕಾದಿತ್ತು. ಅವರ ಉಪನ್ಯಾಸಗಳನ್ನು ಕೇಳಿದ್ದ ವೈದ್ಯನೊಬ್ಬ ಗುರುತಿಸಿದನು. ಪ್ರಷ್ಯದ ಸೇನಾಪತಿ ಬ್ಲೂಖರನ ಮಗನಿಗೆ ಹಿಂದೆ ಚಿಕಿತ್ಸೆ ನೀಡಿದ್ದವರು ಇವರೇ. ಸೇನಾಪತಿಯು ಅವರನ್ನು ಬಿಡುಗಡೆ ಮಾಡಿದನು. 1842ರಲ್ಲಿ, ಆಲ್ಜೀರಿಯದ ಸೇನಾ ಆಸ್ಪತ್ರೆಗಳನ್ನು ಪರಿಶೀಲಿಸಿ ಮರಳುವ ದಾರಿಯಲ್ಲಿ, ಲಾರೆ ಲಿಯೋನ್ ನಗರದಲ್ಲಿ ತೀರಿಕೊಂಡರು.