ಜಮ್‌ಶೇಟ್‌ಜಿ ಟಾಟಾ ಅವರ ಮೂಲಧನ

ದೊಡ್ಡ ಕಂಪೆನಿಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಲಾಭದ ಅಂಕಿಗಳಿಂದಲೇ ಆರಂಭಿಸುತ್ತಾರೆ. ಗಿರಣಿ ಎಷ್ಟು, ಗಣಿ ಎಷ್ಟು, ಪಾಲಿನ ಬೆಲೆ ಎಷ್ಟು ಎಂಬಲ್ಲಿಗೆ ಅವರ ಕಥೆ ಮುಗಿಯುತ್ತದೆ. ಅನ್ಯರು ತಮ್ಮ ಗಂಟನ್ನು ಬಿಚ್ಚಿ ಕೊಡುವಷ್ಟು ವಿಶ್ವಾಸವು ಮೊದಲು ಹೇಗೆ ಹುಟ್ಟಿತೆಂದು ವಿಚಾರಿಸುವವರು ವಿರಳ. ಟಾಟಾ ಸಂಸ್ಥೆಗಳ ಮೂಲಪುರುಷರಾದ ಜಮ್‌ಶೇಟ್‌ಜಿ ನಸರ್ವಾನ್‌ಜಿ ಟಾಟಾ ಅವರ ಜೀವನವನ್ನು ಈ ದೃಷ್ಟಿಯಿಂದ ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಅವರು ಜನಿಸಿದುದು 1839ನೆಯ ಇಸವಿ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ, ಪಾರ್ಸಿ ಪುರೋಹಿತರ ಮನೆತನದಲ್ಲಿ. ಆ ಮನೆತನದಲ್ಲಿ ಪೌರೋಹಿತ್ಯವನ್ನು ಬಿಟ್ಟು ಮೊದಲು ವ್ಯಾಪಾರಕ್ಕಿಳಿದವರು ತಂದೆ ನಸರ್ವಾನ್‌ಜಿಯವರು. ಮಗನು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, 1858ರಲ್ಲಿ ವ್ಯಾಸಂಗ ಮುಗಿಸಿ, ತಂದೆಯ ಅಂಗಡಿಯನ್ನು ಸೇರಿ, ಮರುವರ್ಷ ವ್ಯಾಪಾರಾರ್ಥವಾಗಿ ಹಾಂಗ್‌ಕಾಂಗಿಗೆ ತೆರಳಿದನು.

ಆ ಬಳಿಕ ಬಂದುದು ಕಠಿನ ಪರೀಕ್ಷೆ. ಅಮೆರಿಕದ ಅಂತರ್ಯುದ್ಧದಿಂದ ಲಂಕಾಷೈರಿಗೆ ಅಲ್ಲಿಯ ಹತ್ತಿ ಬರುವುದು ನಿಂತಾಗ ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂದಿತು. ಊರಿಗೆ ಊರೇ ಸಟ್ಟಾವ್ಯಾಪಾರದಲ್ಲಿ ಮುಳುಗಿತು. 1865ರಲ್ಲಿ ಯುದ್ಧವು ನಿಲ್ಲಲು ಬೆಲೆ ಕುಸಿದು, ಲಕ್ಷಾಧಿಪತಿಗಳೆನಿಸಿದ್ದವರು ದಿವಾಳಿಯೆದ್ದರು. ಆಗ ಲಂಡನ್ನಿನಲ್ಲಿದ್ದ ಯುವಕ ಜಮ್‌ಶೇಟ್‌ಜಿಯ ಕೈಯಲ್ಲಿದ್ದ ಪತ್ರಗಳಿಗೆ ಬೆಲೆಯೇ ಇಲ್ಲದಂತಾಯಿತು. ಅವರು ತಲೆಮರೆಸಿಕೊಳ್ಳಲಿಲ್ಲ, ಸಾಲ ಕೊಟ್ಟವರ ಮುಂದೆ ಲೆಕ್ಕವನ್ನೆಲ್ಲ ಬಿಚ್ಚಿಟ್ಟರು. ಆ ನಡತೆಗೆ ಮೆಚ್ಚಿದ ಧನಿಗಳು, ಲೆಕ್ಕವನ್ನು ತೀರಿಸುವ ಅಧಿಕಾರವನ್ನು ಅವರಿಗೇ ಒಪ್ಪಿಸಿದರು. ಟಾಟಾ ಅವರ ನಿಜವಾದ ಮೂಲಧನವು ಅಂದೇ ಸಂಪಾದಿತವಾಯಿತೆಂದು ನಮ್ಮ ಅಭಿಪ್ರಾಯ.

1868ರಲ್ಲಿ 21,000 ರೂಪಾಯಿಗಳಿಂದ ಅವರು ಸ್ವಂತ ವ್ಯಾಪಾರವನ್ನು ಹೂಡಿದರು. ಅದೇ ಕಾಲದಲ್ಲಿ, ಅಬಿಸೀನಿಯದ ಮೇಲೆ ದಂಡೆತ್ತಿ ಹೋದ ಬ್ರಿಟಿಷ್ ಸೈನ್ಯಕ್ಕೆ ಸಾಮಗ್ರಿ ಒದಗಿಸುವ ಗುತ್ತಿಗೆಯಲ್ಲಿ ಪಾಲುಗೊಂಡ ತಂದೆಮಕ್ಕಳಿಗೆ ಒಳ್ಳೆಯ ಲಾಭವಾಯಿತು. ಸ್ವದೇಶಿ ಉದ್ಯಮದ ಬೀಜಕ್ಕೆ ಸಾಮ್ರಾಜ್ಯದ ಯುದ್ಧದಿಂದ ನೀರೆರೆಯಲ್ಪಟ್ಟಿತೆಂಬ ಈ ಸಂಗತಿಯನ್ನು ಮರೆಮಾಚುವುದು ನ್ಯಾಯವಲ್ಲ. ಆ ಹಣವು ಮುಂದೆ ಯಾವ ದಾರಿ ಹಿಡಿಯಿತೆಂಬುದೂ ಅಷ್ಟೇ ವಿಚಾರಾರ್ಹವಾದುದು.

ಲಂಕಾಷೈರಿನ ಗಿರಣಿಗಳನ್ನು ಕಣ್ಣಾರೆ ಕಂಡು ಬಂದ ಅವರು ತಮ್ಮ ಗಿರಣಿಗೆ ಮುಂಬಯಿಯನ್ನು ಆರಿಸಲಿಲ್ಲ. ಹತ್ತಿ ಬೆಳೆಯುವ ನೆಲಕ್ಕೆ ಸಮೀಪವಾದ ನಾಗಪುರದಲ್ಲಿ, 1877ರ ಜನವರಿ 1ರಂದು ಎಂಪ್ರೆಸ್ ಗಿರಣಿಯು ಆರಂಭವಾಯಿತು. ರಾಣಿ ವಿಕ್ಟೋರಿಯಾ ಹಿಂದೂಸ್ಥಾನದ ಚಕ್ರವರ್ತಿನಿಯೆಂದು ಘೋಷಿತಳಾದ ದಿನವದು. ಒಂಬತ್ತು ವರ್ಷಗಳ ಮೇಲೆ ಅವರು ಮುಂಬಯಿಯಲ್ಲಿ ಕೊಂಡ ಗಿರಣಿಗೆ ಸ್ವದೇಶಿ ಎಂಬ ಹೆಸರಾಯಿತು. ವಂಗಭಂಗದ ಚಳವಳಿಗೆ ಆಗಿನ್ನೂ ಸುಮಾರು ಇಪ್ಪತ್ತು ವರ್ಷಗಳಿದ್ದವು. ಕಾನೂನಿನ ಒತ್ತಾಯವಿಲ್ಲದ ಆ ದಿನಗಳಲ್ಲಿಯೇ ನಾಗಪುರದ ಕೆಲಸಗಾರರಿಗೆ ನಿವೃತ್ತಿನಿಧಿಯೂ ಅಪಘಾತಪರಿಹಾರವೂ ಏರ್ಪಟ್ಟವು.

ಎಲ್ಲವೂ ಕೈಗೂಡಿತೆಂದಲ್ಲ. ಚೀನಾ ಜಪಾನುಗಳಿಗೆ ನೂಲು ಸಾಗಿಸುವ ಹಡಗುಬಾಡಿಗೆಯಲ್ಲಿ ಪಿ. ಅಂಡ್ ಓ. ಕಂಪೆನಿಯ ಪ್ರಾಬಲ್ಯವನ್ನು ಮುರಿಯಲು, ಜಪಾನೀ ಕಂಪೆನಿಯೊಂದರ ಸಹಾಯದಿಂದ ಅವರು ಹಡಗುಗಳನ್ನು ಹೂಡಿದರು. ಎದುರಾಳಿಯು ಬಾಡಿಗೆಯನ್ನು ಇಳಿಸಿದ್ದೇ ತಡ, ನಮ್ಮ ವರ್ತಕರೇ ಕೈಬಿಟ್ಟರು. ಅಲ್ಪಲಾಭಕ್ಕಾಗಿ ಚಿರಕಾಲದ ಹಿತವನ್ನು ಬಲಿಗೊಡುವ ಈ ದೌರ್ಬಲ್ಯವು ನಮ್ಮನ್ನು ಇಂದಿಗೂ ಪೂರ್ಣವಾಗಿ ಬಿಟ್ಟಿಲ್ಲ.

ಜೀವಿತದ ಕಡೆಯ ಭಾಗವನ್ನು ಅವರು ಮೂರು ಸಂಕಲ್ಪಗಳಿಗೆ ಮುಡುಪಿಟ್ಟರು: ಉಕ್ಕಿನ ಕಾರ್ಖಾನೆ, ಜಲವಿದ್ಯುತ್ತು, ಉನ್ನತ ವಿಜ್ಞಾನದ ವಿದ್ಯಾಪೀಠ. ವಿದ್ಯಾಪೀಠಕ್ಕಾಗಿ 30 ಲಕ್ಷ ರೂಪಾಯಿಗಳ ಆಸ್ತಿಯನ್ನು ಕೊಡಲು ಅವರು 1898ರಲ್ಲಿ ಮುಂದೆ ಬಂದರು. ಓದಲು ವಿದ್ಯಾರ್ಥಿಗಳಾದರೂ ಎಲ್ಲಿ, ಓದಿದವರಿಗೆ ಉದ್ಯೋಗವಾದರೂ ಎಲ್ಲಿ ಎಂದು ವೈಸರಾಯ್ ಕರ್ಜನರು ಶಂಕಿಸಿದರು. ಸ್ಥಳಪರೀಕ್ಷೆ ಮಾಡಿದ ವಿಜ್ಞಾನಿ ರಾಮ್ಸೆಯವರು ಬೆಂಗಳೂರನ್ನು ಸೂಚಿಸಿದರು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನೂ ಧನಸಹಾಯವನ್ನೂ ನೀಡಿತು. ಬೆಂಗಳೂರಿನ ರೇಷ್ಮೆಯ ಉದ್ಧಾರಕ್ಕಾಗಿ ಟಾಟಾ ಅವರು ಮೊದಲೇ ಜಪಾನೀ ತಜ್ಞರನ್ನು ಕರೆಸಿದ್ದರು. ಬಸವನಗುಡಿಯ ನೆರೆಯಲ್ಲಿ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಇಂದಿಗೂ ಉಳಿದಿದೆ.

ಈ ಮೂರರಲ್ಲಿ ಒಂದನ್ನೂ ಅವರು ಕಣ್ಣಾರೆ ಕಾಣಲಿಲ್ಲ. 1904ರ ಮೇ 19ರಂದು ಜರ್ಮನಿಯ ನಾಹೈಮಿನಲ್ಲಿ ಅವರ ದೇಹಾವಸಾನವಾಯಿತು. ಮಗ ದೊರಾಬ್‌ಜಿಯವರು ಉಕ್ಕಿನ ಯೋಜನೆಗೆ ಲಂಡನ್ನಿನಲ್ಲಿ ಹಣ ಬೇಡಿ ವಿಫಲರಾಗಿ, 1907ರಲ್ಲಿ ಸ್ವದೇಶದ ಜನರ ಮುಂದೆ ಕೈಯೊಡ್ಡಿದರು. ಮೂರೇ ವಾರಗಳಲ್ಲಿ ಸುಮಾರು 8,000 ಮಂದಿ ಭಾರತೀಯರು ಬೇಕಾದ ಮೂಲಧನವನ್ನೆಲ್ಲ ತುಂಬಿಕೊಟ್ಟರು. 1865ರಲ್ಲಿ ಗಳಿಸಿದ ವಿಶ್ವಾಸಕ್ಕೆ ಇದು ಬಡ್ಡಿಯಲ್ಲದೆ ಮತ್ತೇನು? 1909ರಲ್ಲಿ ಬೆಂಗಳೂರಿನ ಸಂಸ್ಥೆ ಸ್ಥಾಪಿತವಾಯಿತು; 1912ರಲ್ಲಿ ಸಾಕ್ಚಿಯಲ್ಲಿ ಉಕ್ಕು ಹೊರಬಂದಿತು; 1915ರಲ್ಲಿ ಪಶ್ಚಿಮಘಟ್ಟದ ನೀರಿನಿಂದ ಮುಂಬಯಿಗೆ ವಿದ್ಯುತ್ತು ಹರಿಯಿತು. ಸಾಕ್ಚಿಗೆ 1919ರಲ್ಲಿ ಜಮ್‌ಶೇಡ್‌ಪುರವೆಂಬ ಹೆಸರು ಬಂದಿತು.

ಆ ಹೆಸರು ಬಂದ ಮರುವರ್ಷವೇ ಅಲ್ಲಿಯ ಕೆಲಸಗಾರರು ಮುಷ್ಕರ ಹೂಡಿದರೆಂಬುದನ್ನೂ ನಾವು ಮರೆಯಬಾರದು. ಸ್ಥಾಪಕರ ಸದ್ಗುಣವು ಆಸ್ತಿಯಂತೆ ವಾರಸುದಾರರಿಗೆ ತಾನಾಗಿ ಇಳಿದುಬರುವುದಿಲ್ಲ. ಪ್ರತಿಯೊಂದು ತಲೆಮಾರೂ ಅದನ್ನು ಹೊಸದಾಗಿ ಸಂಪಾದಿಸಬೇಕು. 1924ರಲ್ಲಿ ಉಕ್ಕಿನ ಕಂಪೆನಿಯು ಮುಳುಗುವ ಹಂತಕ್ಕೆ ಬಂದಾಗ ದೊರಾಬ್‌ಜಿಯವರು ತಮ್ಮ ಸ್ವಂತ ಸೊತ್ತನ್ನೇ ಒತ್ತೆಯಿಟ್ಟು ಅದನ್ನು ಉಳಿಸಿದರು. ಈಗ ಆ ಸಮೂಹದ ಮೂಲಕಂಪೆನಿಯ ಪಾಲುಗಳಲ್ಲಿ ಸುಮಾರು ಮೂರರಲ್ಲೆರಡು ಭಾಗವು ಧರ್ಮನಿಧಿಗಳ ಕೈಯಲ್ಲಿದೆ.

ಇಂದು ನಮ್ಮ ದೇಶದಲ್ಲಿ ಐಶ್ವರ್ಯಕ್ಕೆ ಕೊರತೆಯಿಲ್ಲ. ಸಾವಿರಾರು ಕೋಟಿಗಳ ಒಡೆಯರು ಅನೇಕರಿದ್ದಾರೆ. ಸಾಲ ಕೊಟ್ಟವರ ಎದುರಿಗೆ ಅವರು ಹೇಗೆ ನಿಲ್ಲುತ್ತಾರೆ, ತಮ್ಮ ಕಾಲದಲ್ಲಿ ಫಲ ಕೊಡದ ಯಾವ ಗಿಡವನ್ನು ನೆಡುತ್ತಾರೆ ಎಂಬ ಎರಡು ಪ್ರಶ್ನೆಗಳನ್ನು ಕೇಳುವ ಹಕ್ಕು, ಅವರ ಪಾಲುಗಳನ್ನು ಕೊಳ್ಳುವ ಸಾಮಾನ್ಯ ಪ್ರಜೆಗೆ ಉಂಟು. ಆ ಹಕ್ಕನ್ನು ಚಲಾಯಿಸುವುದು ಪ್ರಜೆಯ ಕರ್ತವ್ಯವೂ ಹೌದು.