ಬಾಪೂಜಿಯವರ ವಿದೇಶ ವ್ಯಾಸಂಗ ಮತ್ತು ವೃತ್ತಿ ಜೀವನ: ಒಂದು ಪರಿಚಯ

ವಿದೇಶದಲ್ಲಿ ವ್ಯಾಸಂಗ ಅಥವಾ ಉದ್ಯೋಗದ ಸಲುವಾಗಿ ಪ್ರಮಾಣಪತ್ರ, ದೃಢೀಕರಣ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರ ಮಾಹಿತಿಗಾಗಿ ಈ ಜೀವನ ಪರಿಚಯವನ್ನು ನೀಡಲಾಗಿದೆ. ಬೆಂಗಳೂರು ನಗರದ ಪಶ್ಚಿಮ ಭಾಗದಲ್ಲಿ, ಮೈಸೂರು ರಸ್ತೆಗೆ ಹೊಂದಿಕೊಂಡಂತಿರುವ ಬಾಪೂಜಿ ನಗರವು ಮಹಾತ್ಮ ಗಾಂಧಿಯವರನ್ನು ಜನತೆ ಅಕ್ಕರೆಯಿಂದ ಕರೆಯುತ್ತಿದ್ದ ಹೆಸರನ್ನು ಹೊತ್ತಿದೆ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ನಾಗರಿಕ ಸೇವೆ ಒದಗಿಸುವ ಕೇಂದ್ರಗಳಿಗೂ ಇದೇ ಹೆಸರನ್ನು ಇಡಲಾಗಿದೆ. ರಾಷ್ಟ್ರಪಿತನೆಂದು ಎಲ್ಲರೂ ಬಲ್ಲ ಈ ವ್ಯಕ್ತಿಯು ತಮ್ಮ ಜೀವನದ ಸುಮಾರು 24 ವರ್ಷಗಳನ್ನು ಪರದೇಶಗಳಲ್ಲಿ, ಮೊದಲು ವಿದ್ಯಾರ್ಥಿಯಾಗಿ, ಬಳಿಕ ವಕೀಲರಾಗಿ ಕಳೆದರೆಂಬ ಸಂಗತಿ ಅಷ್ಟಾಗಿ ನೆನಪಿಗೆ ಬರುವುದಿಲ್ಲ.

ಮೋಹನದಾಸ ಕರಮಚಂದ ಗಾಂಧಿಯವರು 1869ರ ಅಕ್ಟೋಬರ್ 2ರಂದು ಗುಜರಾತಿನ ಪೋರಬಂದರಿನಲ್ಲಿ ಜನಿಸಿದರು. ತಂದೆ ಕರಮಚಂದರು ಸಂಸ್ಥಾನದ ದಿವಾನರಾಗಿದ್ದರು, 1885ರಲ್ಲಿ ನಿಧನರಾದರು. ಮೋಹನದಾಸರು 1887ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಭಾವನಗರದ ಸಾಮಲದಾಸ್ ಕಾಲೇಜಿಗೆ ಸೇರಿದರು. ಅಲ್ಲಿ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಪಾಠಗಳು ತಲೆಗೆ ಹತ್ತಲಿಲ್ಲ. ಒಂದು ಅವಧಿ ಮುಗಿಸಿ ಮನೆಗೆ ಮರಳಿದರು. ಆಗ ಕುಟುಂಬದ ಹಿತೈಷಿಗಳಾದ ಮಾವ್‌ಜಿ ದವೆಯವರು, ಇಂಗ್ಲೆಂಡಿಗೆ ಹೋದರೆ ಮೂರು ವರ್ಷಗಳಲ್ಲಿ ಬ್ಯಾರಿಸ್ಟರ್ ಆಗಬಹುದು, ನಾಲ್ಕೈದು ಸಾವಿರ ರೂಪಾಯಿ ಸಾಕಾಗುತ್ತದೆ ಎಂದು ಸಲಹೆ ನೀಡಿದರು. ಹುಡುಗನಿಗೆ ವೈದ್ಯಕೀಯ ಓದುವ ಆಸೆಯಿತ್ತು. ಮನೆಯವರು ಅದಕ್ಕೆ ಒಪ್ಪಲಿಲ್ಲ.

ಹಣ ಹೊಂದಿಸುವುದು ಮೊದಲ ತೊಡಕಾಯಿತು. ಸಂಸ್ಥಾನದಿಂದ ವಿದ್ಯಾರ್ಥಿವೇತನ ದೊರೆಯಬಹುದೆಂಬ ಆಸೆಯಿಂದ ಪೋರಬಂದರಿನ ಆಡಳಿತಾಧಿಕಾರಿಯನ್ನು ಕಂಡರು. ಮೊದಲು ಪದವಿ ಮುಗಿಸಬೇಕೆಂಬ ಚುಟುಕು ಉತ್ತರ ದೊರೆಯಿತು. ಅಣ್ಣ ಲಕ್ಷ್ಮೀದಾಸರು ವೆಚ್ಚದ ಹೊಣೆ ಹೊತ್ತರು. ತಾಯಿ ಪುತಲೀಬಾಯಿಯವರ ಆತಂಕ ಬೇರೆಯದು. ಮದ್ಯ, ಮಾಂಸ ಮತ್ತು ಪರಸ್ತ್ರೀ ಸಂಗವನ್ನು ತ್ಯಜಿಸುವುದಾಗಿ ಬೇಚರ್‌ಜೀ ಸ್ವಾಮಿ ಎಂಬ ಜೈನ ಸಾಧುಗಳ ಸಮ್ಮುಖದಲ್ಲಿ ಮಗನು ಪ್ರಮಾಣ ಮಾಡಿದ ನಂತರವೇ ಅವರು ಅನುಮತಿ ನೀಡಿದರು.

ಮುಂಬಯಿಯಲ್ಲಿ ಜಾತಿಯ ಹಿರಿಯರು ಸಭೆ ಸೇರಿಸಿ, ಸಮುದ್ರಯಾನವು ಧರ್ಮಕ್ಕೆ ವಿರುದ್ಧವೆಂದು ಸಾರಿದರು. ಹದಿನೆಂಟರ ಯುವಕ ಹಿಂದೆ ಸರಿಯಲಿಲ್ಲ. ಜಾತಿಯ ಯಜಮಾನರು ಅವರಿಗೆ ಬಹಿಷ್ಕಾರ ಹಾಕಿ, ಅವರಿಗೆ ನೆರವಾಗುವವರಿಗೆ ಅಥವಾ ಬಂದರಿಗೆ ಬೀಳ್ಕೊಡಲು ಹೋಗುವವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ ವಿಧಿಸಿದರು. ಹಣ ಇಟ್ಟುಕೊಂಡಿದ್ದ ಭಾವನವರು ಜಾತಿಗೆ ಹೆದರಿ ಅದನ್ನು ಕೊಡಲು ನಿರಾಕರಿಸಿದ್ದರಿಂದ, ಸ್ನೇಹಿತರೊಬ್ಬರಿಂದ ಸಾಲ ಪಡೆದು ಹಡಗಿನ ಟಿಕೆಟ್ ಕೊಳ್ಳಬೇಕಾಯಿತು. ಪತ್ನಿ ಕಸ್ತೂರಬಾ ಮತ್ತು ಕೆಲವೇ ತಿಂಗಳ ಮಗು ಹರಿಲಾಲನನ್ನು ಊರಿನಲ್ಲಿ ಬಿಟ್ಟು 1888ರ ಸೆಪ್ಟೆಂಬರ್ 4ರಂದು ಅವರು ಹಡಗು ಏರಿದರು.

ಲಂಡನ್ನಿನಲ್ಲಿ ಮೂರು ವರ್ಷ

ಹಡಗಿನಲ್ಲಿ ಅವರು ಊಟದ ಮೇಜಿಗೇ ಹೋಗಲಿಲ್ಲ. ಚಾಕು, ಮುಳ್ಳುಚಮಚ ಹಿಡಿಯುವುದು ತಿಳಿದಿರಲಿಲ್ಲ. ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳುವಷ್ಟು ಇಂಗ್ಲಿಷ್ ಮಾತನಾಡುವ ಧೈರ್ಯವೂ ಇರಲಿಲ್ಲ. ಮನೆಯಿಂದ ತಂದ ಸಿಹಿ ತಿಂಡಿ ಮತ್ತು ಹಣ್ಣುಗಳಲ್ಲೇ ಹೆಚ್ಚಿನ ದಿನಗಳನ್ನು ಕಳೆದರು. ಸೆಪ್ಟೆಂಬರ್ ಕೊನೆಯಲ್ಲಿ ಇಳಿಯುವಾಗ ಬಿಳಿಯ ಫ್ಲಾನೆಲ್ ಉಡುಪು ಶೋಭಿಸುತ್ತದೆಂದು ಅದನ್ನೇ ಧರಿಸಿದ್ದರು. ಅಲ್ಲಿ ಆ ಋತುವಿನಲ್ಲಿ ಬಿಳಿ ಬಟ್ಟೆ ತೊಟ್ಟವರು ಅವರೊಬ್ಬರೇ. ಪೆಟ್ಟಿಗೆಗಳು ಏಜೆಂಟರ ವಶದಲ್ಲಿದ್ದವು. ಅಂದು ಶನಿವಾರ, ಮರುದಿನ ರಜೆ. ನಾಚಿಕೆಯಿಂದ ಕುಗ್ಗುತ್ತಾ ಅದೇ ಉಡುಪಿನಲ್ಲಿ ಕಾಯಬೇಕಾಯಿತು.

ಪರಿಚಯಪತ್ರದ ಮೇರೆಗೆ ಭೇಟಿಗೆ ಬಂದ ಡಾ. ಪ್ರಾಣಜೀವನ ಮೆಹ್ತಾ ಅವರ ರೇಷ್ಮೆ ಟೋಪಿಯನ್ನು ಮೋಹನದಾಸರು ಕುತೂಹಲದಿಂದ ಎತ್ತಿಕೊಂಡು ನವಿರಿಗೆ ವಿರುದ್ಧವಾಗಿ ಸವರಿದರು. ಅಲ್ಲಿನ ಶಿಷ್ಟಾಚಾರದ ಮೊದಲ ಪಾಠ ಆಗಲೇ ನಡೆಯಿತು: ಇತರರ ವಸ್ತುಗಳನ್ನು ಮುಟ್ಟಬಾರದು, ಮೊದಲ ಭೇಟಿಯಲ್ಲೇ ವೈಯಕ್ತಿಕ ಪ್ರಶ್ನೆ ಕೇಳಬಾರದು, ಗಟ್ಟಿಯಾಗಿ ಮಾತನಾಡಬಾರದು. ತಂಗಿದ್ದ ಹೋಟೆಲಿನ ಬಿಲ್ 3 ಪೌಂಡ್ ಆದಾಗ ಅವರಿಗೆ ಗಾಬರಿಯಾಯಿತು. ಅಷ್ಟು ಕೊಟ್ಟರೂ ಹೊಟ್ಟೆ ತುಂಬಿರಲಿಲ್ಲ. ಬಾಡಿಗೆ ಕೊಠಡಿಗೆ ಸೇರಿದ ಮೇಲೆ ರಾತ್ರಿಗಳಲ್ಲಿ ತಾಯಿಯ ನೆನಪಾಗಿ ಕಣ್ಣೀರು ಸುರಿಸುತ್ತಿದ್ದರೆಂದು ಅವರೇ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಹಿಂದಿರುಗುವುದು ಅವಮಾನ, ಇರುವುದು ಸಂಕಟ ಎಂಬ ಸ್ಥಿತಿ ಅದು.

ಉಪ್ಪು ಖಾರವಿಲ್ಲದ ಬೇಯಿಸಿದ ತರಕಾರಿ, ಎರಡು ಮೂರು ತುಂಡು ಬ್ರೆಡ್ಡು. ಇನ್ನಷ್ಟು ಕೇಳಲು ಸಂಕೋಚ. ಮಾಂಸ ತಿನ್ನದೆ ಆ ದೇಶದಲ್ಲಿ ಬದುಕಲಾಗದೆಂದು ಸ್ನೇಹಿತರು ಪ್ರತಿದಿನ ವಾದಿಸುತ್ತಿದ್ದರು. ಪ್ರಮಾಣವನ್ನು ಬಿಡಲು ಅವರು ಸಿದ್ಧರಿರಲಿಲ್ಲ. ದಿನಕ್ಕೆ ಹಲವಾರು ಮೈಲಿ ನಡೆದು ಹುಡುಕಿದ ಮೇಲೆ ಫ್ಯಾರಿಂಗ್‌ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಭೋಜನಾಲಯ ದೊರೆಯಿತು. ಇಂಗ್ಲೆಂಡಿಗೆ ಬಂದ ಮೇಲೆ ಹೊಟ್ಟೆ ತುಂಬಿದ ಮೊದಲ ಊಟ ಅಂದಿನದು. ಅಲ್ಲಿಯೇ ಮಾರಾಟಕ್ಕಿದ್ದ ಹೆನ್ರಿ ಸಾಲ್ಟ್ ಅವರ ಸಸ್ಯಾಹಾರ ಕುರಿತ ಪುಸ್ತಕವನ್ನು ಕೊಂಡು ಓದಿದರು. ಅಲ್ಲಿಯವರೆಗೆ ತಾಯಿಗೆ ಕೊಟ್ಟ ಮಾತಿಗಾಗಿ ಪಾಲಿಸುತ್ತಿದ್ದ ನಿಯಮವು ಅಂದಿನಿಂದ ಅವರ ಸ್ವಂತ ನಿರ್ಧಾರವಾಯಿತು. 1890ರಲ್ಲಿ ಲಂಡನ್ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಗೆ ಆಯ್ಕೆಯಾದರು. ಪರದೇಶದಲ್ಲಿ ಅವರಿಗೆ ಸ್ನೇಹಿತರನ್ನು ಒದಗಿಸಿದ್ದು ಇದೇ ಸಂಘ. ಹೀಗಿದ್ದೂ ಸಭೆಯಲ್ಲಿ ಎದ್ದು ಮಾತನಾಡಲು ಬಾಯಿ ಬರುತ್ತಿರಲಿಲ್ಲ. ಬರೆದು ತಂದುದನ್ನು ಬೇರೆಯವರು ಓದಬೇಕಾಗುತ್ತಿತ್ತು.

ಈ ನಡುವೆ ಅವರು ಸುಮಾರು ಮೂರು ತಿಂಗಳ ಕಾಲ ಪೂರ್ಣ ಇಂಗ್ಲಿಷ್ ಸಭ್ಯಗೃಹಸ್ಥರಾಗಲು ಪ್ರಯತ್ನಿಸಿದರು. 19 ಶಿಲಿಂಗಿನ ಎತ್ತರದ ಟೋಪಿ, ಬಾಂಡ್ ಬೀದಿಯಲ್ಲಿ ಹೊಲಿಸಿದ 10 ಪೌಂಡಿನ ಸಂಜೆಯ ಉಡುಪು, ಅಣ್ಣನಿಂದ ತರಿಸಿದ ಚಿನ್ನದ ಗಡಿಯಾರ ಸರಪಳಿ. ನೃತ್ಯ ತರಗತಿಗೆ 3 ಪೌಂಡ್ ಶುಲ್ಕ ಕಟ್ಟಿ ಮೂರು ವಾರ ಹೋದರು. ಪಿಯಾನೋದ ತಾಳಕ್ಕೆ ಹೆಜ್ಜೆ ಹಾಕುವುದು ಸಾಧ್ಯವಾಗಲಿಲ್ಲ. ಕಿವಿ ಪಳಗಲೆಂದು ಮತ್ತೆ 3 ಪೌಂಡ್ ತೆತ್ತು ಪಿಟೀಲು ಕೊಂಡರು. ಭಾಷಣ ಕಲೆಯ ಶಿಕ್ಷಕರನ್ನೂ ಗೊತ್ತುಮಾಡಿದರು. ಕೊನೆಗೆ ತಾವು ಬಂದಿರುವುದು ಓದಲು ಎಂಬ ಅರಿವಾಗಿ, ಇವೆಲ್ಲವನ್ನೂ ಒಮ್ಮೆಲೇ ಕೈಬಿಟ್ಟರು. ಊರಿನಲ್ಲಿ ಅಣ್ಣ ಸಾಲ ಮಾಡಿ ಹಣ ಕಳುಹಿಸುತ್ತಿದ್ದುದನ್ನು ನೆನೆದರೆ, ಈ ಮೂರು ತಿಂಗಳು ಅಗ್ಗವಾಗಿರಲಿಲ್ಲ.

ಆ ದಿನಗಳಲ್ಲೂ ಲೆಕ್ಕ ಬರೆಯುವುದನ್ನು ಮಾತ್ರ ಅವರು ಬಿಟ್ಟಿರಲಿಲ್ಲ. ಬಸ್ಸಿನ ಬಾಡಿಗೆ, ಅಂಚೆ ಚೀಟಿ, ಪತ್ರಿಕೆಗೆ ಕೊಟ್ಟ ಎರಡು ಕಾಸು, ಎಲ್ಲವೂ ಪುಸ್ತಕಕ್ಕೆ ಏರುತ್ತಿತ್ತು. ಪ್ರತಿ ರಾತ್ರಿ ಮಲಗುವ ಮುನ್ನ ಬಾಕಿ ತಾಳೆ ನೋಡುತ್ತಿದ್ದರು. ಲೆಕ್ಕದ ಪುಸ್ತಕವೇ ಅವರಿಗೆ ದಾರಿ ತೋರಿಸಿತು. ಕುಟುಂಬವೊಂದರೊಡನೆ ವಾಸವಾಗಿರುವುದು ದುಬಾರಿಯೆಂದು ಕಂಡು ಬೇರೆ ಕೊಠಡಿ ಹಿಡಿದರು; ಬಳಿಕ ಎರಡರ ಬದಲು ಒಂದೇ ಕೊಠಡಿ. ವ್ಯಾಸಂಗ ಸ್ಥಳಕ್ಕೆ ಅರ್ಧ ಗಂಟೆಯಲ್ಲಿ ನಡೆದು ತಲುಪುವಂತೆ ಮನೆ ಆರಿಸಿಕೊಂಡು ವಾಹನದ ಖರ್ಚು ಉಳಿಸಿದರು. ಬೆಳಗ್ಗೆ ಓಟ್ಸ್ ಗಂಜಿ ಮತ್ತು ಕೋಕೋವನ್ನು ತಾವೇ ಒಲೆಯ ಮೇಲೆ ಮಾಡಿಕೊಂಡು, ಊಟದ ವೆಚ್ಚವನ್ನು ದಿನಕ್ಕೆ 1 ಶಿಲಿಂಗ್ 3 ಪೆನ್ಸಿಗೆ ಇಳಿಸಿದರು.

ವ್ಯಾಸಂಗದ ವಿಷಯಕ್ಕೆ ಬಂದರೆ, 1888ರ ನವೆಂಬರ್‌ನಲ್ಲಿ ಅವರು ಇನ್ನರ್ ಟೆಂಪಲ್ ಸಂಸ್ಥೆಗೆ ಪ್ರವೇಶ ಪಡೆದಿದ್ದರು. ಬ್ಯಾರಿಸ್ಟರ್ ಆಗಲು ಪರೀಕ್ಷೆಗಳ ಜೊತೆಗೆ ಹನ್ನೆರಡು ಅವಧಿಗಳನ್ನು ಪೂರೈಸಬೇಕಿತ್ತು. ಪ್ರತಿ ಅವಧಿಯಲ್ಲಿ ಕನಿಷ್ಠ 6 ಔತಣಗಳಿಗೆ ಹಾಜರಾಗುವುದೇ ಅದರ ನಿಯಮ. ನಾಲ್ವರಿಗೆ ಎರಡು ಬಾಟಲಿ ಮದ್ಯ ಕೊಡುತ್ತಿದ್ದುದರಿಂದ, ಕುಡಿಯದ ಗಾಂಧಿಯವರನ್ನು ತಮ್ಮ ಮೇಜಿಗೆ ಕರೆಯಲು ಸಹಪಾಠಿಗಳಲ್ಲಿ ಪೈಪೋಟಿಯಿತ್ತು! ಬಿಡುವಿನ ವೇಳೆ ವ್ಯರ್ಥವಾಗಬಾರದೆಂದು ಲಂಡನ್ ಮೆಟ್ರಿಕ್ಯುಲೇಷನ್ ಪರೀಕ್ಷೆಗೂ ಕುಳಿತರು. ಲ್ಯಾಟಿನ್ ಭಾಷೆಯಲ್ಲಿ ಅನುತ್ತೀರ್ಣರಾದರು. ಆರು ತಿಂಗಳ ನಂತರ, 1890ರ ಜೂನ್‌ನಲ್ಲಿ ಮತ್ತೆ ಬರೆದು ತೇರ್ಗಡೆಯಾದರು. ಹಾಗೆ ಕಲಿತ ಲ್ಯಾಟಿನ್, ರೋಮನ್ ಕಾನೂನನ್ನು ಮೂಲದಲ್ಲೇ ಓದಲು ಅನುವು ಮಾಡಿಕೊಟ್ಟಿತು. ಮುಂದೆ ರೋಮನ್-ಡಚ್ ಕಾನೂನು ಜಾರಿಯಲ್ಲಿದ್ದ ದಕ್ಷಿಣ ಆಫ್ರಿಕಾದಲ್ಲಿ ಇದರ ಪ್ರಯೋಜನ ಒದಗಿತು. 1891ರ ಜೂನ್ 10ರಂದು ಬ್ಯಾರಿಸ್ಟರ್ ಆದರು, 11ರಂದು ಹೈಕೋರ್ಟಿನಲ್ಲಿ ಹೆಸರು ನೋಂದಾಯಿಸಿದರು, 12ರಂದು ತಾಯ್ನಾಡಿಗೆ ಹೊರಟರು.

ಮುಂಬಯಿಯಲ್ಲಿ ಇಳಿದಾಗ ತಾಯಿ ತೀರಿಕೊಂಡಿರುವ ಸುದ್ದಿ ತಿಳಿಯಿತು. ಪರದೇಶದಲ್ಲಿ ಆಘಾತವಾಗದಿರಲೆಂದು ಅಣ್ಣ ಅದನ್ನು ಮುಚ್ಚಿಟ್ಟಿದ್ದರು.

ವಿದೇಶೀ ಪದವಿಯಿಂದ ಜೀವನ ಸುಗಮವಾಗಲಿಲ್ಲ. ಮುಂಬಯಿಯ ಮೊದಲ ಮೊಕದ್ದಮೆಯಲ್ಲಿ ಎದ್ದು ನಿಂತಾಗ ಮಾತೇ ಹೊರಡದೆ, ಶುಲ್ಕ ಹಿಂದಿರುಗಿಸಿ ಹೊರನಡೆದರು. 75 ರೂಪಾಯಿ ಸಂಬಳದ ಶಿಕ್ಷಕ ಹುದ್ದೆಗೆ ಅರ್ಜಿ ಹಾಕಿದರೆ, ಪದವೀಧರರಲ್ಲವೆಂಬ ಕಾರಣಕ್ಕೆ ಅದೂ ತಿರಸ್ಕೃತವಾಯಿತು. ರಾಜಕೋಟೆಗೆ ಮರಳಿ ಅರ್ಜಿ, ಮನವಿಗಳನ್ನು ಬರೆದುಕೊಟ್ಟು ಸಂಪಾದಿಸತೊಡಗಿದರು.

ದಕ್ಷಿಣ ಆಫ್ರಿಕಾ

1893ರಲ್ಲಿ ದಾದಾ ಅಬ್ದುಲ್ಲಾ ಅಂಡ್ ಕಂಪನಿಯು ಒಂದು ವರ್ಷದ ಕೆಲಸಕ್ಕೆ ಮೊದಲ ದರ್ಜೆಯ ಹೋಗಿಬರುವ ಪ್ರಯಾಣ ವೆಚ್ಚ ಹಾಗೂ 105 ಪೌಂಡ್ ನೀಡುವುದಾಗಿ ತಿಳಿಸಿತು. ಒಪ್ಪಿಕೊಂಡು ಮೇ ತಿಂಗಳಲ್ಲಿ ಡರ್ಬನ್ ತಲುಪಿದರು. ಜೂನ್ 7ರ ರಾತ್ರಿ, ಮೊದಲ ದರ್ಜೆಯ ಟಿಕೆಟ್ ಕೈಯಲ್ಲಿದ್ದರೂ, ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಅವರನ್ನು ರೈಲಿನಿಂದ ಹೊರದೂಡಲಾಯಿತು. ಈ ಘಟನೆ ಎಲ್ಲರಿಗೂ ತಿಳಿದದ್ದೇ. ಪ್ರಿಟೋರಿಯಾದಲ್ಲಿ ಬಿಳಿಯರಲ್ಲದವರು ರಾತ್ರಿ ಒಂಬತ್ತರ ನಂತರ ಪರವಾನಗಿಯಿಲ್ಲದೆ ಹೊರಗೆ ಓಡಾಡುವಂತಿರಲಿಲ್ಲ, ಕಾಲುದಾರಿಯ ಮೇಲೆ ನಡೆಯುವಂತೆಯೂ ಇರಲಿಲ್ಲ. ಅಲ್ಲಿನ ಸರ್ಕಾರಿ ವಕೀಲರು ಕೊಟ್ಟ ಪತ್ರವೊಂದನ್ನು ಗಾಂಧಿಯವರು ಸದಾ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರು.

ಬಂದ ಕೆಲಸಕ್ಕಾಗಿ ಅವರು ಲೆಕ್ಕಪತ್ರ ಶಾಸ್ತ್ರವನ್ನು ಹೊಸದಾಗಿ ಕಲಿತರು. ಬಂಧುಗಳೇ ಆಗಿದ್ದ ಉಭಯ ಕಕ್ಷಿಗಳನ್ನು ಪಂಚಾಯಿತಿಗೆ ಒಪ್ಪಿಸಿದರು. ತೀರ್ಪಿನ ಹಣವನ್ನು ಸೋತವರು ಕಂತುಗಳಲ್ಲಿ ಕಟ್ಟುವಂತೆಯೂ ಮಾಡಿದರು. ಕೆಲಸ ಮುಗಿಸಿ ಹಿಂದಿರುಗುವ ಹೊತ್ತಿಗೆ, ಭಾರತೀಯರ ಮತದಾನದ ಹಕ್ಕನ್ನು ಕಸಿಯುವ ಮಸೂದೆಯ ಸುದ್ದಿ ಪತ್ರಿಕೆಯಲ್ಲಿ ಕಣ್ಣಿಗೆ ಬಿತ್ತು. ಪ್ರಯಾಣ ಮುಂದೂಡಿದರು. ಎರಡು ವಾರಗಳಲ್ಲಿ ಸುಮಾರು 10,000 ಸಹಿಗಳೊಂದಿಗೆ ಬ್ರಿಟನ್ನಿನ ಸಚಿವರಿಗೆ ಮನವಿ ಸಿದ್ಧವಾಯಿತು. ಅರ್ಜಿಯ ಅರ್ಥ ತಿಳಿಯದವರಿಂದ ಸಹಿ ಪಡೆಯಬಾರದೆಂಬ ಕಟ್ಟುನಿಟ್ಟು ಅದರಲ್ಲಿತ್ತು.

ನೇಟಾಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ವಕೀಲರಾಗಿ ನೋಂದಾಯಿಸಿಕೊಳ್ಳಲು ಅರ್ಜಿ ಸಲ್ಲಿಸಿದಾಗ, ಇಂಗ್ಲೆಂಡಿನ ಮೂಲ ಪ್ರಮಾಣಪತ್ರ ಲಗತ್ತಿಸಿಲ್ಲವೆಂದು ಅಲ್ಲಿನ ವಕೀಲರ ಸಂಘ ಆಕ್ಷೇಪಿಸಿತು. ಮೂಲ ಪ್ರತಿ ಮುಂಬಯಿ ಹೈಕೋರ್ಟಿನಲ್ಲಿ ಉಳಿದಿತ್ತು. ಆಕ್ಷೇಪದ ನಿಜವಾದ ಕಾರಣ ಮೈಬಣ್ಣವೆಂಬುದು ಯಾರಿಗೂ ತಿಳಿಯದ ಗುಟ್ಟಾಗಿರಲಿಲ್ಲ. ನ್ಯಾಯಾಲಯವು ಆಕ್ಷೇಪವನ್ನು ತಳ್ಳಿಹಾಕಿತು. 1894ರಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ ಸ್ಥಾಪನೆಯಾಯಿತು. ಇದೇ ಅವಧಿಯಲ್ಲಿ ಅವರು ಲಂಡನ್ನಿಗೆ ಓದಲು ಹೋಗುವ ಭಾರತೀಯ ವಿದ್ಯಾರ್ಥಿಗಳಿಗಾಗಿ ಒಂದು ಕೈಪಿಡಿಯನ್ನೂ ಬರೆದರು. ಯಾರು ಹೋಗಬೇಕು, ಯಾವ ಬಟ್ಟೆ ಒಯ್ಯಬೇಕು, ಊಟಕ್ಕೆಷ್ಟು ತಗಲುತ್ತದೆ ಎಂಬ ವಿವರಗಳು ಅದರಲ್ಲಿವೆ. ಅವರ ಜೀವಿತಕಾಲದಲ್ಲಿ ಅದು ಪ್ರಕಟವಾಗಲಿಲ್ಲ.

1896ರಲ್ಲಿ ಪತ್ನಿ, ಮಕ್ಕಳನ್ನು ಕರೆದೊಯ್ದರು. ಬೂಟು, ಕಾಲುಚೀಲ, ಚಾಕು, ಮುಳ್ಳುಚಮಚ, ಲಂಡನ್ನಿನಲ್ಲಿ ತಾವು ಪಟ್ಟ ಪಾಡನ್ನೆಲ್ಲ ಮನೆಯವರ ಮೇಲೆ ಹೇರಿದರು. ಕಸ್ತೂರಬಾ ಅವರಿಗೆ ಇದು ಸುಲಭವಾಗಿರಲಿಲ್ಲ. ತಾವು ಮಾಡಿದ್ದು ಅವಿವೇಕವೆಂದು ಗಾಂಧಿಯವರು ಮುಂದೆ ಒಪ್ಪಿಕೊಂಡರು. 1897ರ ಜನವರಿಯಲ್ಲಿ ಡರ್ಬನ್ನಿನಲ್ಲಿ ಇಳಿದಾಗ ಉದ್ರಿಕ್ತ ಗುಂಪು ಅವರ ಮೇಲೆ ಹಲ್ಲೆ ನಡೆಸಿತು. ಪೊಲೀಸ್ ಅಧಿಕಾರಿಯ ಪತ್ನಿ ತಮ್ಮ ಕೊಡೆ ಬಿಚ್ಚಿ ಅಡ್ಡ ನಿಂತು ಪ್ರಾಣ ಉಳಿಸಿದರು.

ಟ್ರಾನ್ಸ್‌ವಾಲ್ ಸರ್ಕಾರವು 1906ರಲ್ಲಿ, ಎಂಟು ವರ್ಷ ಮೀರಿದ ಪ್ರತಿಯೊಬ್ಬ ಭಾರತೀಯನೂ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಂಡು, ಆ ಪತ್ರವನ್ನು ಸದಾ ತನ್ನೊಡನೆ ಇಟ್ಟುಕೊಂಡಿರಬೇಕೆಂಬ ಶಾಸನವನ್ನು ಮುಂದಿಟ್ಟಿತು. ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ಸಭೆಯಲ್ಲಿ ಭಾರತೀಯರು ಇದಕ್ಕೆ ತಲೆಬಾಗುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. 1908ರ ಜನವರಿಯಲ್ಲಿ ಗಾಂಧಿಯವರು ಮೊದಲ ಬಾರಿಗೆ ಸೆರೆಮನೆ ಸೇರಿದರು. ಸ್ವಇಚ್ಛೆಯಿಂದ ನೋಂದಾಯಿಸಿಕೊಂಡರೆ ಕಾಯ್ದೆ ರದ್ದಾಗುವುದೆಂದು ನಂಬಿ ರಾಜಿಗೆ ಒಪ್ಪಿ, ನೋಂದಣಿ ಕಚೇರಿಗೆ ಹೋಗುವ ದಾರಿಯಲ್ಲಿ ತಮ್ಮವರಿಂದಲೇ ಏಟು ತಿಂದರು. ಕಾಯ್ದೆ ರದ್ದಾಗಲಿಲ್ಲ. ಅದೇ ವರ್ಷ ಆಗಸ್ಟ್ 16ರಂದು ಎರಡು ಸಾವಿರಕ್ಕೂ ಹೆಚ್ಚು ನೋಂದಣಿ ಪತ್ರಗಳನ್ನು ಮಸೀದಿಯ ಆವರಣದಲ್ಲಿ ಬಹಿರಂಗವಾಗಿ ಸುಡಲಾಯಿತು. 1913ರಲ್ಲಿ ಕ್ರೈಸ್ತ ವಿಧಿಯಲ್ಲದ ವಿವಾಹಗಳಿಗೆ ಮಾನ್ಯತೆಯಿಲ್ಲವೆಂಬ ತೀರ್ಪು ಬಂದಾಗ ಕಸ್ತೂರಬಾ ಅವರೂ ಸೆರೆವಾಸ ಅನುಭವಿಸಿದರು. 1914ರ ಕಾಯ್ದೆಯು ಭಾರತೀಯ ವಿವಾಹಗಳನ್ನು ಮಾನ್ಯ ಮಾಡಿ, ಕರಾರು ಮುಗಿಸಿದ ಕೂಲಿಕಾರರ ಮೇಲಿನ 3 ಪೌಂಡ್ ತಲೆಗಂದಾಯವನ್ನು ತೆಗೆದುಹಾಕಿತು. ಒಂದು ವರ್ಷಕ್ಕೆಂದು ಹೋದವರು, ನಡುವೆ ಕೆಲವು ಕಾಲ ಭಾರತದಲ್ಲಿದ್ದುದನ್ನು ಬಿಟ್ಟರೆ, 21 ವರ್ಷ ಅಲ್ಲಿಯೇ ಉಳಿದಿದ್ದರು.

1915ರ ಜನವರಿ 9ರಂದು ಭಾರತಕ್ಕೆ ಹಿಂದಿರುಗಿದ ಗಾಂಧಿಯವರು ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿಗೆ ಬಂದು ಗೋಖಲೆಯವರ ಭಾವಚಿತ್ರವನ್ನು ಅನಾವರಣಗೊಳಿಸಿದರು. ಬಳಿಕ ಅವರು ನಡೆಸಿದ ಸ್ವಾತಂತ್ರ್ಯ ಹೋರಾಟ ಮತ್ತು 1948ರ ಜನವರಿ 30ರಂದು ಅವರ ಬಲಿದಾನದ ವಿವರಗಳು ಸರ್ವವಿದಿತ. 1927ರಲ್ಲಿ ಆರೋಗ್ಯ ಕೆಟ್ಟಾಗ ನಂದಿ ಬೆಟ್ಟದಲ್ಲಿಯೂ, ನಂತರ ಬೆಂಗಳೂರಿನ ಕುಮಾರ ಪಾರ್ಕಿನಲ್ಲಿಯೂ ಮೈಸೂರು ಸಂಸ್ಥಾನದ ಅತಿಥಿಯಾಗಿ ತಂಗಿದ್ದರು. ಆಗ ಅವರಿಗೆ 57 ವರ್ಷ. ಸ್ವಲ್ಪ ಚೇತರಿಸಿಕೊಂಡ ಕೂಡಲೇ, ಹಸು ಸಾಕಣೆಯ ಪಾಠ ಕೇಳಲು ನಗರದ ಇಂಪೀರಿಯಲ್ ಡೈರಿಗೆ ಹೋಗತೊಡಗಿದರು.